ಪಾಲಿಗೆ ಬಂದದ್ದು

ಉಂಡೆ ಕೊಬ್ಬರಿಗೆ ಅವಸರ ಆಗಿಬರುವುದಿಲ್ಲ. ಶ್ರವಣಬೆಳಗೊಳದ ಸುತ್ತಿನ ಊರುಗಳಲ್ಲಿ ಕಾಯಿ ಅಟ್ಟ ಹತ್ತಿದರೆ ಇಳಿಯಲು ಹತ್ತಿರ ಹತ್ತಿರ ಒಂದು ವರ್ಷ. ಒಳಗಿನ ನೀರು ಇಂಗಬೇಕು, ಗಿಟುಕು ಚಿಪ್ಪು ಬಿಡಬೇಕು, ಕಿವಿಯ ಹತ್ತಿರ ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು. ಅಷ್ಟು ಕಾದವರು 2024ರ ಫೆಬ್ರುವರಿಯಲ್ಲಿ ಪಹಣಿ, ಆಧಾರ್ ಹಿಡಿದು ಬೆಂಬಲ ಬೆಲೆಯ ಸರ್ಕಾರಿ ಖರೀದಿಯ ನೋಂದಣಿಗೆ ಸಾಲು ನಿಂತರು. ಆ ವರ್ಷದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ. ಪೇಟೆಯ ದರ ಅದಕ್ಕಿಂತ ಬಹಳ ಕೆಳಗಿತ್ತು. ಇಡೀ ರಾಜ್ಯಕ್ಕೆ ಖರೀದಿಯ ಕೋಟಾ ಎಂದು ಗೊತ್ತುಮಾಡಿದ್ದು 62,500 ಟನ್. ಕೆಲವೇ ದಿನಗಳಲ್ಲಿ ‘ಕೋಟಾ ಮುಗೀತು’ ಎಂದರು. ಅಕ್ರಮದ ದೂರು ಬಂದು ನೋಂದಣಿಯನ್ನೇ ರದ್ದುಮಾಡಿ ಮತ್ತೆ ಮಾಡಬೇಕಾಯಿತು.

ಕೋಟಾಕ್ಕೆ ಡಚ್ಚರಲ್ಲಿ ಇನ್ನೊಂದು ಪದವಿದೆ: ಕಾಂಟಿಂಗೆಂಟ್. ಲ್ಯಾಟಿನ್ನಿನ ‘ತಾಕು’ ಎಂಬ ಧಾತುವಿನಿಂದ ಹುಟ್ಟಿದ್ದು. ಯಾರ ಪಾಲಿಗೆ ಎಷ್ಟು ಬಂತೋ ಅಷ್ಟು ಎಂದು ಅರ್ಥ. ನಮ್ಮ ಕಚೇರಿಗಳ ಕಂಟಿಂಜೆನ್ಸಿ ಬಿಲ್ಲೂ ಅದೇ ಬಳ್ಳಿಯ ಕಾಯಿ. ಆದರೆ ಹದಿನೆಂಟನೆಯ ಶತಮಾನದ ಜಾವಾದಲ್ಲಿ ಈ ಪದಕ್ಕೆ ಬೇರೆಯೇ ಖಾರವಿತ್ತು. ಡಚ್ ಈಸ್ಟ್ ಇಂಡಿಯಾ ಕಂಪನಿ ಅಲ್ಲಿನ ಪ್ರಾಂತಾಧಿಕಾರಿಗಳ ಮೇಲೆ ಇಷ್ಟು ಅಕ್ಕಿ, ಇಷ್ಟು ಸರಕು ಎಂದು ಹೊರಿಸುತ್ತಿದ್ದ ಕಪ್ಪವೇ ‘ಕಾಂಟಿಂಗೆಂಟನ್’. ಅಧಿಕಾರಿ ಅದನ್ನು ರೈತನ ಹೆಗಲಿಗೆ ದಾಟಿಸುತ್ತಿದ್ದ. ಪಾಲಿಗೆ ಬಂದದ್ದು ಪಂಚಾಮೃತ ಎನ್ನುವ ಗಾದೆಯನ್ನು ಆ ರೈತನ ಮುಂದೆ ಹೇಳುವ ಧೈರ್ಯ ನನಗಿಲ್ಲ.

ಅಲ್ಲಿ ಇಷ್ಟು ಕೊಡಲೇಬೇಕು ಎಂಬ ಕೋಟಾ. ಇಲ್ಲಿ ಇದಕ್ಕಿಂತ ಹೆಚ್ಚು ತರಬೇಡ ಎಂಬ ಕೋಟಾ. ಎರಡರಲ್ಲೂ ಅಳತೆಗೋಲು ಇರುವುದು ಕೊಳ್ಳುವವನ ಕೈಯಲ್ಲೇ.

ಬೆಳಗೊಳದ ಬೆಟ್ಟದ ಮೇಲೆ ಮೂರನೆಯ ಬಗೆಯ ಕೋಟಾವೂ ಒಂದಿದೆ. ಅಲ್ಲಿನ ಶಾಸನಗಳನ್ನು ಬಿ.ಎಲ್. ರೈಸ್ 1889ರಲ್ಲಿ ಪ್ರಕಟಿಸಿದರು, ಆರ್. ನರಸಿಂಹಾಚಾರ್ 1923ರಲ್ಲಿ ಪರಿಷ್ಕರಿಸಿದರು. ಅರಸರ ಬಿರುದಾವಳಿಗಿಂತ ನನಗೆ ಇಷ್ಟವಾಗುವುದು ಅವುಗಳ ನಡುವಿನ ಪುಟ್ಟ ಲೆಕ್ಕಗಳು. ಯಾರೋ ಒಬ್ಬ ಭಕ್ತ ಕೆಲವು ಗದ್ಯಾಣ ಇಡುಗಂಟಾಗಿ ಇಡುತ್ತಾನೆ. ಅದರ ಬಡ್ಡಿಯಲ್ಲಿ ಗೊಮ್ಮಟದೇವರ ಅಭಿಷೇಕಕ್ಕೆ ದಿನವೂ ಇಷ್ಟು ಮಾನ ಹಾಲು ಸಲ್ಲಬೇಕು. ಹಳಗನ್ನಡದಲ್ಲಿ ಹಾಲಿಗೂ ‘ಪಾಲ್’ ಎಂದೇ ಹೆಸರಿತ್ತು ಅನ್ನುವುದು ನೆನಪಾಗಿ ನಗು ಬರುತ್ತದೆ. ಇಲ್ಲಿ ಗೊತ್ತುಮಾಡಿದವನೇ ದುಡ್ಡು ಮೊದಲು ಕಟ್ಟಿದ್ದಾನೆ, ಅಳತೆಯನ್ನು ಎಲ್ಲರೂ ಓದಲೆಂದು ಕಲ್ಲಿನಲ್ಲಿ ಕೊರೆಸಿದ್ದಾನೆ.

ಕೆಳಗೆ, 2024ರಲ್ಲಿ, ಕೋಟಾಕ್ಕೆ ಮೀರಿದ ಕೊಬ್ಬರಿ ಪೇಟೆಯವರು ಕೂಗಿದ ದರಕ್ಕೇ ಹೋಯಿತು. ಅಟ್ಟಕ್ಕೆ ಮುಂದಿನ ಕಾಯಿ ಹತ್ತಬೇಕಿತ್ತಲ್ಲ.