ಎರಡು ಆಕೃತಿಗಳು ಒಂದೇ ಎನ್ನುವುದು ಯಾವಾಗ?

ನಾವೆಲ್ಲರೂ ಶಾಲೆಯಲ್ಲಿ ಓದಿದ ಯೂಕ್ಲಿಡನ ರೇಖಾಗಣಿತದಲ್ಲಿ, ಒಂದು ತ್ರಿಕೋಣವನ್ನೆತ್ತಿ ಇನ್ನೊಂದರ ಮೇಲಿಟ್ಟಾಗ ಅಂಚಿಗೆ ಅಂಚು ಕೂಡಿದರೆ ಅವೆರಡೂ ಸಮವೆನ್ನುತ್ತೇವೆ. ಅಲ್ಲಿ ಅಳತೆಯೇ ಪ್ರಮಾಣ. ಟೊಪಾಲಜಿ ಎಂಬ ಗಣಿತಶಾಖೆಯಾದರೋ ಉದ್ದವನ್ನೂ ಕೋನವನ್ನೂ ಗಣನೆಗೆ ತಾರದೆ, ಬಿಂದುಗಳ ಪರಸ್ಪರ ಸಾಮೀಪ್ಯವೊಂದನ್ನೇ ನೋಡುತ್ತದೆ. ಕೈಬಳೆಯೂ ತೂತುಳ್ಳ ಉದ್ದಿನ ವಡೆಯೂ ಅದಕ್ಕೆ ಒಂದೇ. ತೂತಿಲ್ಲದ ರವೆಯುಂಡೆ ಬೇರೆ. ಹಾಗಾದರೆ, ಅಳತೆಯನ್ನು ಕೈಬಿಟ್ಟ ಮೇಲೆ 'ಒಂದೇ' ಎಂಬ ಮಾತಿಗೆ ಆಧಾರವೇನು?

ಇದರ ನಿಯಮಕ್ಕೆ ಎರಡು ಅಂಗಗಳುಂಟು. ಒಂದು ಆಕೃತಿಯ ಪ್ರತಿಯೊಂದು ಬಿಂದುವಿಗೂ ಇನ್ನೊಂದರಲ್ಲಿ ಒಂದೇ ಒಂದು ಜೊತೆಯಿರಬೇಕು. ಎರಡರಲ್ಲಿಯೂ ಯಾವ ಬಿಂದುವೂ ಜೊತೆಯಿಲ್ಲದೆ ಉಳಿಯಬಾರದು. ಅಷ್ಟೇ ಅಲ್ಲದೆ, ಒಂದರಿಂದ ಇನ್ನೊಂದಕ್ಕೆ ಹೋಗುವಾಗಲೂ ಅಲ್ಲಿಂದ ಹಿಂದಿರುಗುವಾಗಲೂ ನೆರೆಯ ಬಿಂದುಗಳು ನೆರೆಯಲ್ಲಿಯೇ ಇರಬೇಕು.

ಹಿಂದಿರುಗುವ ಮಾತೇಕೆಂದು ಶ್ರೋತೃಗಳು ಕೇಳಬಹುದು. ಸೊನ್ನೆಯಿಂದ ಒಂದರವರೆಗಿನ ಗೆರೆಯೊಂದನ್ನು ಭಾವಿಸೋಣ. ಸೊನ್ನೆಯ ತುದಿ ಅದರಲ್ಲಿ ಸೇರಿದೆ, ಒಂದರ ತುದಿ ಸೇರಿಲ್ಲ. ಇದನ್ನು ವೃತ್ತವಾಗಿ ಬಾಗಿಸಿದರೆ, ಬಿಟ್ಟುಹೋದ ತುದಿಯ ಸ್ಥಾನವನ್ನು ಸೊನ್ನೆಯೇ ತುಂಬುತ್ತದೆ. ಪ್ರತಿ ಬಿಂದುವಿಗೂ ಜೊತೆ ದೊರೆಯಿತು. ಹೋಗುವಾಗ ನೆರೆಯವು ಅಗಲಲಿಲ್ಲ. ಆದರೆ ವೃತ್ತದಲ್ಲಿ ಸೊನ್ನೆಯ ಎರಡು ಮಗ್ಗುಲಿಗಿದ್ದ ಬಿಂದುಗಳು ಗೆರೆಗೆ ಮರಳಿದಾಗ, ಒಂದು ಈ ತುದಿಗೂ ಇನ್ನೊಂದು ಆ ತುದಿಗೂ ಸರಿಯುತ್ತವೆ. ಆದುದರಿಂದ ಈ ಹೊಂದಿಕೆ ಸಲ್ಲದು.

ಬೇರೊಂದು ಹೊಂದಿಕೆ ಸಿಕ್ಕೀತೆ? ಸಿಕ್ಕಲಾರದು. ವೃತ್ತದಿಂದ ಯಾವ ಬಿಂದುವನ್ನು ತೆಗೆದರೂ ಉಳಿದುದು ಒಂದೇ ತುಂಡು. ಗೆರೆಯ ನಡುವಣ ಬಿಂದುವನ್ನು ತೆಗೆದರೆ ಎರಡು ತುಂಡು. ಭೇದವನ್ನು ತೋರಲು ಇಂಥ ಲಕ್ಷಣ ಒಂದೇ ಸಾಕು.

ಐಕ್ಯವನ್ನು ಸಾಧಿಸುವುದು ಹೀಗೆ ಸುಲಭವಲ್ಲ. ಫ್ರಾನ್ಸಿನ ಆಂರಿ ಪ್ವಾಂಕರೆಯವರು 1900ರಲ್ಲಿ, ಹೋಮಾಲಜಿ ಎಂಬ ಲಕ್ಷಣದಿಂದಲೇ ಮೂರು ಆಯಾಮದ ಗೋಳವನ್ನು ಗುರುತಿಸಬಹುದೆಂದು ಬಗೆದರು. 1904ರಲ್ಲಿ, ಆ ಲಕ್ಷಣವಿದ್ದೂ ಗೋಳವಲ್ಲದ ಆಕೃತಿಯೊಂದನ್ನು ತಾವೇ ಕಂಡರು. ಮಿತಿಯುಳ್ಳ, ಅಂಚಿಲ್ಲದ ಮೂರು ಆಯಾಮದ ಆಕೃತಿಯೊಂದರಲ್ಲಿ ಪ್ರತಿಯೊಂದು ಕುಣಿಕೆಯೂ ಹರಿಯದೆ ಬಿಂದುವಾಗಿ ಕುಗ್ಗುವುದಾದರೆ ಅದು ಗೋಳವೇ ಆಗಿರಬೇಕೆ ಎಂಬ ಪ್ರಶ್ನೆಯನ್ನು ಆಗ ಮುಂದಿಟ್ಟರು. ಹೌದೆಂಬುದನ್ನು ರಷ್ಯದ ಗ್ರಿಗೊರಿ ಪೆರೆಲ್ಮಾನರು 2002–03ರಲ್ಲಿ ಸಾಧಿಸಿಕೊಟ್ಟರು. 'ಒಂದೇ' ಎಂಬ ಎರಡಕ್ಷರವನ್ನು ನಿಸ್ಸಂದೇಹವಾಗಿ ನುಡಿಯಲು ಹೆಚ್ಚುಕಡಮೆ ನೂರು ವರ್ಷ ಹಿಡಿಯಿತು.