ಕಿವಿಯ ಡಾಕ್ಟರು ಕಂಡ ಕತ್ತಿನ ನೋವು

ದೊಡ್ಡಬಳ್ಳಾಪುರ, ಹೊಸಕೋಟೆ ಕಡೆ ಮಗುವಿಗೆ ಕೆಪ್ಪಟರಾಯ ಬಂದರೆ ಈಗಲೂ ಕೆಲವು ಮನೆಗಳಲ್ಲಿ ಕೆನ್ನೆಗೆ ಬಟ್ಟೆಯ ನೀಲಿ ಬಳಿಯುತ್ತಾರೆ. ವಾರ ಕಳೆದರೆ ಊತ ತಾನಾಗಿ ಇಳಿಯುತ್ತದೆ, ಪುಣ್ಯವೆಲ್ಲ ನೀಲಿಗೆ ಹೋಗುತ್ತದೆ. ಕೆಪ್ಪಟರಾಯ ತರುವ ವೈರಾಣು ಕತ್ತಿನ ಥೈರಾಯ್ಡ್ ಗ್ರಂಥಿಗೂ ಕೈ ಹಾಕಬಲ್ಲದು ಎಂಬುದಕ್ಕೆ ಸಾಕ್ಷಿ ಸಿಕ್ಕಿದ್ದು ದೂರದ ಇಸ್ರೇಲಿನಲ್ಲಿ. ಅಲ್ಲಿ ಕೆಪ್ಪಟರಾಯ ಹಬ್ಬಿದ್ದಾಗ ಕೆಲವರಿಗೆ ಥೈರಾಯ್ಡ್ ಊದಿಕೊಂಡು ನೋಯತೊಡಗಿತ್ತು. ಅವರಲ್ಲಿ ಇಬ್ಬರ ಗ್ರಂಥಿಯಿಂದಲೇ ವೈದ್ಯರು ವೈರಾಣುವನ್ನು ಬೇರ್ಪಡಿಸಿ, 1957ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು.

ಥೈರಾಯ್ಡ್ ಹೀಗೆ ಊದಿ ನೋಯುವ ಕಾಯಿಲೆ ಅದಕ್ಕಿಂತ ಹಳೆಯದು. ಅದರ ಚರಿತ್ರೆ ಕೆದಕಿದಾಗ ನನ್ನನ್ನು ಹಿಡಿದು ನಿಲ್ಲಿಸಿದವನು ಹೋಲ್ಗರ್ ಮೈಗಿಂಡ್ ಎಂಬ ಡೆನ್ಮಾರ್ಕಿನ ವೈದ್ಯ. ಕಿವಿ, ಮೂಗು, ಗಂಟಲು ನೋಡುತ್ತಿದ್ದವನು. 1895ರಲ್ಲಿ ಇಂಥ 18 ರೋಗಿಗಳ ವಿವರ ಪ್ರಕಟಿಸಿದ. ಥೈರಾಯ್ಡಿನ ಕಾಯಿಲೆ ಕಿವಿಯ ಡಾಕ್ಟರ ಕಣ್ಣಿಗೆ ಬಿದ್ದದ್ದರಲ್ಲಿ ನನಗೇನೂ ಆಶ್ಚರ್ಯವಿಲ್ಲ. ಈ ನೋವು ಕತ್ತಿನಿಂದ ದವಡೆಗೆ, ಅಲ್ಲಿಂದ ಕಿವಿಗೆ ಏರುತ್ತದೆ. ಹಲ್ಲು ನೋವೆಂದು, ಕಿವಿ ನೋವೆಂದು ಅಲೆಯುವವರು ಇವತ್ತಿಗೂ ಇದ್ದಾರೆ.

ಒಂಬತ್ತು ವರ್ಷದ ಮೇಲೆ, 1904ರಲ್ಲಿ, ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಫ್ರಿಟ್ಸ್ ಡಿ ಕರ್ವೇನ್ ಇದೇ ಬಾವಿನ ಬಗ್ಗೆ ಬರೆದ. ಕಾಯಿಲೆಗೆ ಅವನ ಹೆಸರೇ ಬಿತ್ತು. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಸ್ನಾಯುರಜ್ಜುವಿಗೆ ಬರುವ ನೋವಿಗೂ ಅವನ ಹೆಸರೇ ಅಂಟಿದೆ. ಒಬ್ಬನಿಗೆ ಎರಡೆರಡು ಕಾಯಿಲೆ, ಮೈಗಿಂಡ್‌ಗೆ ಒಂದೂ ಇಲ್ಲ. ಕರ್ವೇನ್ ದೊಡ್ಡ ವೈದ್ಯನೇ. ಸ್ವಿಸ್ ಜನರ ಗಳಗಂಡ ತಪ್ಪಿಸಲು ಅಯೋಡಿನ್ ಬೆರೆಸಿದ ಉಪ್ಪಿನ ಪರ ನಿಂತವನು. ಆದರೂ ಈ ಹಂಚಿಕೆ ನನಗೆ ಸರಿಕಾಣುವುದಿಲ್ಲ.

ಕಾಯಿಲೆಯ ನಡೆ ವಿಚಿತ್ರ. ನೆಗಡಿ, ಜ್ವರ ಬಂದುಹೋದ ಕೆಲವು ವಾರಗಳಲ್ಲಿ ಗ್ರಂಥಿ ಉರಿಯೂತಕ್ಕೆ ತುತ್ತಾಗುತ್ತದೆ. ತೂತು ಬಿದ್ದ ಕಣಜದಂತೆ, ಕೂಡಿಟ್ಟ ಹಾರ್ಮೋನೆಲ್ಲ ರಕ್ತಕ್ಕೆ ಸುರಿಯುತ್ತದೆ. ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ಮೈ ಬೆವರುತ್ತದೆ. ದಾಸ್ತಾನು ಮುಗಿದ ಮೇಲೆ ಕೆಲಕಾಲ ಹಾರ್ಮೋನ್ ಕೊರತೆ, ಸುಸ್ತು. ಆಮೇಲೆ ಹೆಚ್ಚಿನವರ ಗ್ರಂಥಿ ಮತ್ತೆ ಮೊದಲಿನಂತಾಗುತ್ತದೆ. ಕಾಯಿಲೆ ಕಾಣುವುದು ಹೆಣ್ಣುಮಕ್ಕಳಲ್ಲೇ ಹೆಚ್ಚು. ಇಲ್ಲಿ ಹೊಸ ಹಾರ್ಮೋನ್ ತಯಾರಾಗುತ್ತಿಲ್ಲ, ಹಳೆಯದು ಸೋರುತ್ತಿದೆ. ಹಾಗಾಗಿ ತಯಾರಿಕೆಯನ್ನು ತಡೆಯುವ ಕಾರ್ಬಿಮಜೋಲ್ ಮಾತ್ರೆಯಿಂದ ಪ್ರಯೋಜನವಿಲ್ಲ. ನೋವು, ಉರಿಯೂತ ಇಳಿಸುವ ಔಷಧ ಬೇಕು, ಜೋರಾಗಿದ್ದರೆ ಸ್ಟೀರಾಯ್ಡ್. ಇಎಸ್‌ಆರ್ ಎಂಬ ಅಗ್ಗದ ರಕ್ತಪರೀಕ್ಷೆಯಲ್ಲಿ ಅಂಕಿ ಬಹಳ ಮೇಲೇರಿದ್ದರೆ ಅದೇ ದೊಡ್ಡ ಸುಳಿವು. ಬರೀ ಟಿಎಸ್‌ಎಚ್ ಎಂಬ ಥೈರಾಯ್ಡ್ ಪರೀಕ್ಷೆಯ ಚೀಟಿ ನೋಡಿ, ಕತ್ತು ಮುಟ್ಟಿ ನೋಡದೆ ಮಾತ್ರೆ ಬರೆಯುವವರನ್ನು ಕಂಡರೆ ಮೈಯುರಿಯುತ್ತದೆ.

ಇಸ್ರೇಲಿನ ವರದಿಯ ನಂತರದ ದಶಕಗಳಲ್ಲಿ ಹೆಚ್ಚು ಸದ್ದಿಲ್ಲ. ಮತ್ತೆ ಮಾತೆದ್ದದ್ದು 2020ರಲ್ಲಿ. ಇಟಲಿಯ ಪೀಸಾದ ವೈದ್ಯರು ಕೋವಿಡ್ ಬಂದುಹೋದ 18ರ ಹುಡುಗಿಯೊಬ್ಬಳಲ್ಲಿ ಇದನ್ನು ಕಂಡರು. ಮರುವರ್ಷ ಜನವರಿ 12ರಂದು ಪುಣೆಯ ಕೋವಿಶೀಲ್ಡ್ ಲಸಿಕೆಯ ಪೆಟ್ಟಿಗೆಗಳು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಇಳಿದವು, 16ರಿಂದ ಚುಚ್ಚುವುದು ಶುರುವಾಯಿತು. ಅದೇ 2021ರಲ್ಲಿ ಟರ್ಕಿಯಿಂದ ವರದಿ ಬಂತು: ಚೀನಾದ ಕೊರೊನಾವ್ಯಾಕ್ ಹಾಕಿಸಿಕೊಂಡ ಮೂವರು ಆರೋಗ್ಯ ಕಾರ್ಯಕರ್ತೆಯರಿಗೆ ಇದೇ ಬಾವು. ಬೇರೆ ಬಗೆಯ ಲಸಿಕೆಗಳ ನಂತರವೂ ಅಲ್ಲೊಂದು ಇಲ್ಲೊಂದು ಕಂಡಿತು. ಕೋಟಿಗಟ್ಟಲೆ ಜನ ಚುಚ್ಚಿಸಿಕೊಂಡಾಗ ಯಾವುದು ಲಸಿಕೆಯಿಂದ, ಯಾವುದು ಕಾಕತಾಳೀಯ ಎಂದು ಒಬ್ಬೊಬ್ಬರ ವಿಷಯದಲ್ಲಿ ಬಿಡಿಸಿ ಹೇಳುವುದು ಕಷ್ಟ. ಎಚ್‌ಎಲ್‌ಎ-ಬಿ35 ಎಂಬ ಆನುವಂಶಿಕ ಗುರುತು ಇರುವವರಲ್ಲಿ ಕಾಯಿಲೆ ಹೆಚ್ಚೆಂಬುದು ಕೋವಿಡ್‌ಗೆ ಬಹಳ ಮೊದಲೇ ತಿಳಿದಿತ್ತು. ಅರಳಿಕಟ್ಟೆಯ ಚರ್ಚೆಯಲ್ಲಿ ಮಾತ್ರ ತೀರ್ಪು ಆಗಲೇ ಹೊರಬಿದ್ದಿತ್ತು: ಎಲ್ಲಕ್ಕೂ ಸೂಜಿಯೇ ಕಾರಣ!

ಹಾಕದೇ ಬಿಟ್ಟ ಸೂಜಿಯ ಬಗ್ಗೆ ಯಾರೂ ಕೇಳಲಿಲ್ಲ. 2017ರ ಫೆಬ್ರುವರಿ 5ರಂದು ಬೆಂಗಳೂರಿನಲ್ಲೇ ದಡಾರ-ರುಬೆಲ್ಲಾ ಲಸಿಕಾ ಅಭಿಯಾನಕ್ಕೆ ಚಾಲನೆ ಸಿಕ್ಕಿತು. ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಾಕಿದ ಆ ಲಸಿಕೆಯಲ್ಲಿ ಕೆಪ್ಪಟರಾಯನನ್ನು ತಡೆಯುವ ಅಂಶ ಇರಲಿಲ್ಲ. ಅದನ್ನೂ ಸೇರಿಸಿದ ಎಂಎಂಆರ್ ಬೇಕೆಂದರೆ ಖಾಸಗಿ ಕ್ಲಿನಿಕ್ಕಿಗೆ ಹೋಗಿ ದುಡ್ಡು ಕೊಡಬೇಕು.