ಸುಮ್ಮನಿದ್ದ ವೈರಸ್ ಮೆದುಳಿಗೆ ಹೋದರೆ ಏನಾಗುತ್ತೆ?

ಮೊದಲೇ ಹೇಳಿಬಿಡ್ತೀನಿ, ನಾನು ಬಿ.ಕಾಂ. ಓದಿದವನು, ಡಾಕ್ಟರ್ ಅಲ್ಲ. ಆದ್ರೆ ಇವತ್ತಿನ ವಿಷಯ ಓದುವಾಗ ನನಗೆ ನೆನಪಾಗಿದ್ದು ಬ್ಯಾಂಕಿನ ಡಾರ್ಮೆಂಟ್ ಅಕೌಂಟ್. ವರ್ಷಗಟ್ಟಲೆ ವ್ಯವಹಾರ ಇಲ್ಲದೆ ಬಿದ್ದಿರುತ್ತೆ, ಆದ್ರೆ ಮುಚ್ಚಿರಲ್ಲ.

ಜೆಸಿ ಅನ್ನೋ ವೈರಸ್ಸೂ ಹಾಗೇ. ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಅದು ಯಾವಾಗಲೋ ತಗುಲಿರುತ್ತೆ. ನನಗೂ ತಗುಲಿರಬಹುದು, ನಿಮಗೂ. ಕಿಡ್ನಿಯಂಥ ಕಡೆ ತೆಪ್ಪಗೆ ಕೂತಿರುತ್ತೆ. ಎಚ್‌ಐವಿ, ರಕ್ತದ ಕ್ಯಾನ್ಸರ್ ಅಥವಾ ಕೆಲವು ಔಷಧಿಗಳಿಂದ ಇಮ್ಯುನಿಟಿ ಕುಸಿದರೆ, ಅಪರೂಪಕ್ಕೆ ಅದು ಮೆದುಳಲ್ಲಿ ಬೆಳೆಯುತ್ತೆ. ಆ ಕಾಯಿಲೆಯ ಹೆಸರು ಪಿಎಂಎಲ್.

ವೈರ್ ಮೇಲೆ ಪ್ಲಾಸ್ಟಿಕ್ ಇದ್ದಂತೆ ನರತಂತುಗಳ ಮೇಲೆ ಮೈಲಿನ್ ಅನ್ನೋ ಹೊದಿಕೆ ಇದೆ. ಅದನ್ನು ತಯಾರಿಸುವ ಕೋಶಗಳನ್ನೇ ಈ ವೈರಸ್ ಕೊಲ್ಲುತ್ತೆ. ಆಗ ಒಂದು ಕೈ ಸೋಲುತ್ತೆ, ಮಾತು ತೊದಲುತ್ತೆ, ಕಣ್ಣು ಮಂಜಾಗುತ್ತೆ. ವಾರದಿಂದ ವಾರಕ್ಕೆ ಹೆಚ್ಚುತ್ತೆ. ಸಾಮಾನ್ಯವಾಗಿ ಜ್ವರ ಇರಲ್ಲ, ಹಾಗಾಗಿ ಇದು ಸೋಂಕು ಅಂತ ಹೊಳೆಯೋದೇ ಕಷ್ಟ.

1958ರಲ್ಲಿ ಅಮೆರಿಕದ ವೈದ್ಯರು ಈ ಕಾಯಿಲೆಯನ್ನು ಮೊದಲು ವಿವರಿಸಿದರು. ತೀರಿಹೋದ ರೋಗಿಗಳ ಮೆದುಳಿನ ತೆಳು ಪದರಗಳನ್ನು ಮೈಕ್ರೋಸ್ಕೋಪ್ ಕೆಳಗೆ ಇಟ್ಟಾಗ ಮೂರು ವಿಷಯ ಕಂಡವು: ಅಲ್ಲಲ್ಲಿ ಮೈಲಿನ್ ಅಳಿಸಿಹೋದ ಮಚ್ಚೆಗಳು, ಊದಿಕೊಂಡ ಕೋಶಕೇಂದ್ರಗಳು, ಕ್ಯಾನ್ಸರ್ ಕೋಶಗಳಂತೆ ವಿಕಾರವಾಗಿ ಬೆಳೆದ ಆಸ್ಟ್ರೋಸೈಟ್‌ಗಳು. ಕಾರಣ ಮಾತ್ರ ಕಾಣಲಿಲ್ಲ. ಯಾಕಂದ್ರೆ ಸಾಮಾನ್ಯ ಮೈಕ್ರೋಸ್ಕೋಪ್‌ಗೆ ಸುಮಾರು 200 ನ್ಯಾನೋಮೀಟರ್‌ಗಿಂತ ಚಿಕ್ಕದು ಸ್ಪಷ್ಟವಾಗಿ ಕಾಣಲ್ಲ, ಈ ವೈರಸ್ ಇರೋದೇ ಸುಮಾರು 40.

1965ರಲ್ಲಿ ವಿಸ್ಕಾನ್ಸಿನ್‌ನ ಗೇಬ್ರಿಯೆಲ್ ಝು ರೈನ್ ಮತ್ತು ಸ್ಯಾಮ್ ಚೌ ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲಿ ನೋಡಿದರು. ಆ ಊದಿದ ಕೇಂದ್ರಗಳ ತುಂಬಾ ದುಂಡನೆಯ ಕಣಗಳು ಒತ್ತೊತ್ತಾಗಿ ತುಂಬಿದ್ದವು! 1971ರಲ್ಲಿ ಅಲ್ಲೇ ಬಿಲ್ಲಿ ಪ್ಯಾಡ್ಜೆಟ್ ಮತ್ತು ಸಂಗಡಿಗರು ಒಬ್ಬ ರೋಗಿಯ ಮೆದುಳಿನಿಂದ ವೈರಸ್ಸನ್ನು ಬೇರ್ಪಡಿಸಿ ಬೆಳೆಸಿದರು. ಆ ರೋಗಿಯ ಹೆಸರಿನ ಮೊದಲಕ್ಷರಗಳೇ ಜೆ.ಸಿ.

ಇದು ಹಳೇ ಕಥೆ ಅನ್ಕೋಬೇಡಿ. ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಬಂದ ನಟಾಲಿಜುಮ್ಯಾಬ್ ಔಷಧಿ ಪಡೆದ ಕೆಲವರಲ್ಲಿ ಪಿಎಂಎಲ್ ಕಾಣಿಸಿಕೊಂಡು, 2005ರಲ್ಲಿ ಅದನ್ನು ಮಾರುಕಟ್ಟೆಯಿಂದ ತೆಗೆದರು. 2006ರಲ್ಲಿ ಕಟ್ಟುನಿಟ್ಟಿನ ನಿಗಾದೊಂದಿಗೆ ವಾಪಸ್ ತಂದರು. ಈಗ ಜೆಸಿ ತಗುಲಿದೆಯಾ ಅಂತ ರಕ್ತಪರೀಕ್ಷೆ ಮಾಡಿ ಅಪಾಯ ಅಳೆಯುತ್ತಾರೆ. ಕಾಯಿಲೆಯ ಅನುಮಾನ ಬಂದರೆ ಎಂಆರ್‌ಐ ಮಾಡಿಸಿ, ಬೆನ್ನುಹುರಿಯ ದ್ರವದಲ್ಲಿ ವೈರಸ್ ಹುಡುಕುತ್ತಾರೆ. ಅದರಲ್ಲೂ ಗೊತ್ತಾಗದಿದ್ದರೆ ಮತ್ತೆ ಮೈಕ್ರೋಸ್ಕೋಪೇ ಗತಿ.

ಮುಖ್ಯ ಮಾತು ಇದು. ಈ ವೈರಸ್ಸನ್ನು ಕೊಲ್ಲುತ್ತೆ ಅಂತ ಸಾಬೀತಾದ ಔಷಧಿ ಇಲ್ಲ. ಇಮ್ಯುನಿಟಿಯನ್ನು ಮತ್ತೆ ಎಬ್ಬಿಸೋದೇ ಚಿಕಿತ್ಸೆ. ಎಚ್‌ಐವಿ ಇರುವವರಿಗೆ ಅಂದ್ರೆ ಎಆರ್‌ಟಿ ಮಾತ್ರೆ. ನಮ್ಮ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಅದು ಉಚಿತ. ನಿಮಗೆ ಗೊತ್ತಿರೋರು ಯಾರಾದರೂ 'ಹುಷಾರಾಗಿದ್ದೀನಲ್ಲ' ಅಂತ ಮಾತ್ರೆ ಬಿಟ್ಟಿದ್ದರೆ, ದಯವಿಟ್ಟು ಈ ಎಪಿಸೋಡ್ ಕಳಿಸಿ. ಕೈ ಸೋಲ್ತಾ ಇದ್ರೆ 'ಸುಸ್ತು' ಅಂತ ಕಾಯಬೇಡಿ, ಡಾಕ್ಟರ್‌ಗೆ ತೋರಿಸಿ.

ಮುಂದಿನ ವಾರ ಸಿಗೋಣ.